ಹದ್ದನ್ನು ಯಾರು ಎತ್ತಬೇಕು?

ಆಷಾಢದ ಗಾಳಿ ಎದ್ದ ಒಂದು ಭಾನುವಾರ ಬೆಳಿಗ್ಗೆ ಮೇಲಿನ ಬೀದಿಯಿಂದ ನಮ್ಮ ಕೇರಿಗೆ ಒಂದು ಮಾತು ಬಂತು. "ಹುಣಿಸೇಮರದಾಗೆ ಹದ್ದು ಸಿಕ್ಕಾಕ್ಕೊಂಡೈತೆ, ನಿಮ್ ಹುಡುಗ್ರನ್ನ ಕಳ್ಸಿ, ಎತ್ತಾಕ್ಲಿ." ಮಾತು ತಂದವನು ಹತ್ತು ಹನ್ನೆರಡು ವರ್ಷದ ಹುಡುಗ. ಕೇರಿಯ ಬಾಯಿಯಲ್ಲಿರುವ ಬೋರ್‌ವೆಲ್ ತನಕ ಬಂದು, ಅಲ್ಲೇ ನಿಂತು, ಅಲ್ಲಿಂದಲೇ ಕೂಗಿ ಹೇಳಿ ಓಡಿಹೋದ. ಇಲ್ಲಿಗೇ ನಿಲ್ಲಬೇಕು ಎಂದು ಆ ವಯಸ್ಸಿನವನಿಗೆ ಯಾರೂ ಹೇಳಿಕೊಟ್ಟಿರಲಾರರು. ಅವನ ಕಾಲಿಗೇ ಗೊತ್ತಿತ್ತು.

ನಮ್ಮೂರು ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಎಂದರೆ ಓದಿದವರಿಗೆ ಗೊತ್ತಾಗುತ್ತದೆ. ಮಾರ್ಕಂಡೇಯ ಡ್ಯಾಮು ಎಂದರೆ ಬಂಗಾರಪೇಟೆಯವರಿಗೆ ಗೊತ್ತಾಗುತ್ತದೆ. ಹೆಸರಲ್ಲೇ ಬೂದಿ ಇಟ್ಟುಕೊಂಡಿರುವ ಈ ಊರಿನ ಕೇರಿಯಲ್ಲಿ ಈಗ ನಮ್ಮಂಥ ನಾಲ್ಕಾರು ಜನ ಡಿಗ್ರಿ ಮುಗಿಸಿದ ಹುಡುಗರಿದ್ದೇವೆ. ಬೆಳಗಿನ ಜಾವ ಬಂಗಾರಪೇಟೆಗೆ ಹೋಗಿ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತೇವೆ, ರಾತ್ರಿ ಬರುತ್ತೇವೆ. ಊರಲ್ಲಿ ಹಗಲಲ್ಲಿ ನಾವು ಸಿಗುವುದು ಭಾನುವಾರ ಮಾತ್ರ. ಹದ್ದಿಗೂ ಅದು ಗೊತ್ತಿತ್ತೋ ಏನೋ.

ಬಂದ ಮಾತಿಗೆ ಮೊದಲು ಎದ್ದು ನಿಂತವರು ನಮ್ಮ ತಾತ. ಅವರಿಗೆ ಎಂಬತ್ತರ ಹತ್ತಿರ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಏನಂದ ಅವ್ನು? ಎತ್ತಾಕ್ಲಿ ಅಂದ್ನಾ?" ಎಂದರು. ಹೌದು ತಾತ ಎಂದೆವು. "ಹಂಗಾದ್ರೆ ಯಾರೂ ವೋಗ್‌ಬ್ಯಾಡ್ರಿ" ಎಂದು ಕೂತುಬಿಟ್ಟರು.

ತಾತನ ಕಿವಿಗೆ ಚುಚ್ಚಿದ್ದು ಹದ್ದು ಅಲ್ಲ, ಆ 'ಎತ್ತಾಕು' ಎಂಬ ಮಾತು. ಅವರ ಹುಡುಗತನದಲ್ಲಿ ಊರಲ್ಲಿ ದನ ಸತ್ತರೆ ಹೀಗೇ ಬರುತ್ತಿತ್ತು. ಹೀಗೇ ಒಬ್ಬ ಹುಡುಗ, ಹೀಗೇ ದೂರದಲ್ಲಿ ನಿಂತು, ಇದೇ ಮಾತು. ತೋಟಿತನ ಕಾಗದದ ಮೇಲೆ 1961ರ ಕಾಯಿದೆಯಲ್ಲಿ ಹೋಯಿತು. ಊರಿನ ಬಾಯಿಂದ ಹೋಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ, ಕೋಲಾರದ ಕಡೆ ಹಳ್ಳಿ ಹಳ್ಳಿಗೂ ಸಂಘದ ಹುಡುಗರು ಹಾಡಿಕೊಂಡು ಬಂದಾಗ, ಸತ್ತ ದನ ಎತ್ತುವುದನ್ನು ನಮ್ಮ ಕೇರಿ ಬಿಟ್ಟಿತು. ಬಿಟ್ಟಿದ್ದಕ್ಕೆ ಮೂರು ತಿಂಗಳು ಕೂಲಿ ಕರೆಯಲಿಲ್ಲ. ಆ ಮೂರು ತಿಂಗಳು ತಿಂದ ಹುರಳಿಯ ರುಚಿ ಇನ್ನೂ ನಾಲಿಗೆಯಲ್ಲಿದೆ ಎಂದು ತಾತ ಹೇಳುತ್ತಾರೆ. ಅಷ್ಟು ಕೊಟ್ಟು ಬಿಟ್ಟ ಕೆಲಸವನ್ನು ಮೊಮ್ಮಕ್ಕಳು ಬಿ.ಎ., ಬಿ.ಎಸ್ಸಿ. ಓದಿ ಮತ್ತೆ ಹಿಡಿಯುವುದೇ?

"ಅದು ಸತ್ತಿದ್ದು ತಾತ, ಇದು ಬದುಕೈತೆ. ಎರಡೂ ಒಂದೇನಾ?" ಎಂದೆವು ನಾವು, ಬಹಳ ಬುದ್ಧಿವಂತರ ಹಾಗೆ.

ತಾತ ಹೇಳಿದ್ದು: "ಹಸ ಬದುಕಿದ್ದಾಗ ಅವ್ರುದು. ಸತ್ತ ಮ್ಯಾಕೆ ನಮ್ದು. ಈ ಹದ್ದು ಇನ್ನೂ ಸತ್ತಿಲ್ಲ, ಅಷ್ಟ್ರೊಳಗೇ ನಮ್ದು ಮಾಡವ್ರೆ ನೋಡು."

ಈ ಮಾತಿಗೆ ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದೆಯೇ ಹೋದೆವು. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಮರದ ಕೆಳಗೆ ಹತ್ತಿಪ್ಪತ್ತು ಜನ ಇದ್ದರು. ಗಾಳಿಪಟದ ದಾರ ಕೊಂಬೆಗೆ ಸುತ್ತಿ, ಅದರಲ್ಲಿ ಹದ್ದಿನ ಎಡರೆಕ್ಕೆ ಸಿಕ್ಕಿ, ಹಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಒದ್ದಾಡಿದಷ್ಟೂ ದಾರ ಒಳಕ್ಕೆ ಇಳಿಯುತ್ತಿತ್ತು. ಇದು ನಮ್ಮ ಕಾಲದ ನೂಲಿನ ದಾರ ಅಲ್ಲ. ನೈಲಾನಿಗೆ ಗಾಜಿನ ಪುಡಿ ಮೆತ್ತಿದ ಮಾಂಜಾ. 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶದಲ್ಲಿ ಇದನ್ನು ನಿಷೇಧಿಸಿತು. ಅಂಗಡಿಯಲ್ಲಿ ಕೇಳಿದರೆ ಇಲ್ಲ ಎನ್ನುತ್ತಾರೆ, ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಒಳಗಿಂದ ತಂದುಕೊಡುತ್ತಾರೆ. ಈ ದಾರ ಹದ್ದಿನ ರೆಕ್ಕೆಯ ಮುಂಭಾಗದ ತೆಳು ಚರ್ಮವನ್ನು ಕೊಯ್ಯುತ್ತದೆ. ಚರ್ಮ ಮಾತ್ರ ಹರಿದಿದ್ದರೆ ಹೊಲಿಯಬಹುದು. ಒಳಗಿನ ನರ ಕಡಿದಿದ್ದರೆ ಹಕ್ಕಿ ಬದುಕಬಹುದು, ಹಾರುವುದು ಕಷ್ಟ.

ಮರ ಹತ್ತಿ, ದಾರವನ್ನು ಎಳೆಯದೆ ಎರಡೂ ಕಡೆ ಕತ್ತರಿಸಿ, ಒಂದು ಹಳೆ ಪಂಚೆ ಮುಚ್ಚಿ ಇಳಿಸಿದೆವು. ಕಣ್ಣಿಗೆ ಕತ್ತಲಾದರೆ ಹದ್ದು ಸುಮ್ಮನಾಗುತ್ತದೆ. ಗಾಳಿಯಾಡಲು ತೂತು ಹಾಕಿದ ರಟ್ಟಿನ ಡಬ್ಬದಲ್ಲಿ ಇಟ್ಟೆವು. ಬಾಯಿಗೆ ನೀರು ಬಿಡಬಾರದು, ಅದು ಶ್ವಾಸಕ್ಕೆ ಹೋಗಿ ಹಕ್ಕಿ ಸಾಯುತ್ತದೆ ಎಂದು ಫೋನಿನಲ್ಲಿ ಬೆಂಗಳೂರಿನವರೊಬ್ಬರು ಹೇಳಿದರು. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು ನಮ್ಮ ಓದುಗರಲ್ಲಿ ಹಳ್ಳಿಯ ಮೇಷ್ಟ್ರುಗಳು ಬಹಳ ಇದ್ದಾರೆ ಎಂಬ ಕಾರಣಕ್ಕೆ. ಶಾಲೆಯ ಅಂಗಳದಲ್ಲಿ ನಾಳೆ ಇನ್ನೊಂದು ಬೀಳಬಹುದು. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯಿದೆಯಂತೆ ತಪ್ಪು, ಅರಣ್ಯ ಇಲಾಖೆಗೆ ತಿಳಿಸಬೇಕು. ತಿಳಿಸಿದೆವು. ಭಾನುವಾರ ಎಂಬ ಉತ್ತರ ಬಂತು.

ಅಷ್ಟರಲ್ಲಿ ಮೇಲಿನ ಬೀದಿಯ ಒಬ್ಬ ಹಿರಿಯರಿಗೆ ಹದ್ದಿನ ಮೇಲೆ ಕರುಣೆ ಬಂತು. ಒಳ್ಳೆಯ ಮನುಷ್ಯರು, ಅವರ ಬಗ್ಗೆ ಕೆಟ್ಟ ಮಾತು ಬರೆಯಲು ನಮಗೆ ಮನಸ್ಸಿಲ್ಲ. ಒಂದು ಲೋಟ ಹಾಲು ಕಳಿಸಿದರು. "ಆಸ್ಪತ್ರೆ ಖರ್ಚೇನಿದ್ರೂ ನಾನು ಕೊಡ್ತೀನಪ್ಪ, ಹಾಲು ಕುಡ್ಸಿ, ಪಾಪ" ಎಂದರು. ಹದ್ದು ಹಾಲು ಕುಡಿಯುವುದಿಲ್ಲ ಸ್ವಾಮಿ, ಅದಕ್ಕೆ ಮಾಂಸ ಬೇಕು, ರಾತ್ರಿ ನಿಮ್ಮ ಹಿತ್ತಲಿನ ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತೀರಾ, ನಮ್ಮ ಮನೆಯಲ್ಲಿ ಬೆಕ್ಕು ನಾಯಿ ಕಾಟ ಎಂದೆವು. ಅವರ ಮುಖ ಸಣ್ಣದಾಯಿತು. "ಮನೇಲಿ ಅದೆಲ್ಲ ಆಗಲ್ಲಪ್ಪ" ಎಂದರು. ದುಡ್ಡು ಮಾತ್ರ ಕೊಟ್ಟರು, ಅದನ್ನೂ ಹೇಳಬೇಕು. ಹದ್ದು ಆ ರಾತ್ರಿ ನಮ್ಮ ಕೇರಿಯಲ್ಲೇ ಕೋಳಿ ಅಂಗಡಿಯ ಈಲಿ ತಿಂದು ಕಳೆಯಿತು. ಹಾಲನ್ನು ನಮ್ಮ ಅಕ್ಕನ ಮಗು ಕುಡಿಯಿತು.

ಕರುಣೆಗೂ ಮಡಿ ಇದೆ ಎಂಬುದನ್ನು ನಾವು ಅವತ್ತು ಕಣ್ಣಾರೆ ಕಂಡೆವು. ಇದು ಬೂದಿಕೋಟೆಯದು ಮಾತ್ರ ಅಲ್ಲ. ಹಳೆ ದೆಹಲಿಯಲ್ಲಿ ಕೆಂಪುಕೋಟೆಯ ಎದುರಿಗೆ ಜೈನರು ನಡೆಸುವ ಹಕ್ಕಿ ಆಸ್ಪತ್ರೆ ಇದೆ. ಬಹಳ ಹಳೆಯದು. ಸಾವಿರಾರು ಪಾರಿವಾಳಗಳ ಪ್ರಾಣ ಅಲ್ಲಿ ಉಳಿದಿದೆ, ಕಾಸು ತೆಗೆದುಕೊಳ್ಳುವುದಿಲ್ಲ. ಆದರೆ ಮಾಂಸ ತಿನ್ನುವ ಹಕ್ಕಿಯನ್ನು ಒಳಗೆ ಇಟ್ಟುಕೊಂಡು ಆರೈಕೆ ಮಾಡುವ ಪದ್ಧತಿ ಅಲ್ಲಿಲ್ಲ. ಅದೇ ದೆಹಲಿಯ ನದೀಮ್ ಶಹಜಾದ್ ಮತ್ತು ಮಹಮ್ಮದ್ ಸಊದ್ ಎಂಬ ಅಣ್ಣತಮ್ಮಂದಿರು ತಮ್ಮ ಮನೆಯ ನೆಲಮಾಳಿಗೆಯಲ್ಲಿ, ಸೋಪಿನ ಡಬ್ಬಿ ತಯಾರಿಸುವ ಸಣ್ಣ ಕಸುಬಿನ ಮಗ್ಗುಲಲ್ಲೇ, ಮಾಂಜಾದಿಂದ ಬಿದ್ದ ಹದ್ದುಗಳಿಗೆ ಹೊಲಿಗೆ ಹಾಕಿ ಸಾವಿರಾರು ಹಕ್ಕಿಗಳನ್ನು ಬದುಕಿಸಿದರು. ಅವರ ಮೇಲೆ ಶೌನಕ್ ಸೇನ್ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು, 2022ರಲ್ಲಿ. ಹದ್ದಿಗೆ ಮಾಂಸ ಎಸೆದರೆ ಪುಣ್ಯ ಎಂಬ ನಂಬಿಕೆ ಅವರ ಕೇರಿಗಳಲ್ಲಿ ಇದೆ. ತಿನ್ನುವ ಅನ್ನದ ಮೇಲೆ ಯಾರಿಗೆ ಯಾರ ಕರುಣೆ ಸಿಗಬೇಕು ಎಂಬುದು ತೀರ್ಮಾನವಾಗುವ ದೇಶದಲ್ಲಿ, ಹದ್ದಿನ ಪಾಲಿಗೆ ಸಿಕ್ಕಿದ ಕೈಗಳು ಯಾರವು ನೋಡಿ. ಅಲ್ಲಿ ಮುಸಲ್ಮಾನರದು. ಇಲ್ಲಿ ನಮ್ಮದು.

ಇದಕ್ಕೂ ಮುಂದಿನ ಮಾತು ಒಂದಿದೆ. ಪುಸ್ತಕ ತಿರುವಿ ಹಾಕಿದಾಗ ಸಿಕ್ಕಿದ್ದು. ನಮ್ಮೂರಲ್ಲಿ ಎರಡು ಜಾತಿಯ ಹದ್ದು ಹಾರುತ್ತವೆ. ಒಂದು ಕೆಂಚು ಮೈ, ಬಿಳಿ ಎದೆ. ಅದು ಗರುಡ. ಅದು ತಲೆಯ ಮೇಲೆ ಹಾರಿದರೆ ಜನ ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಾರೆ. ಇಂಗ್ಲಿಷಿನವರು ಅದಕ್ಕೆ ಇಟ್ಟ ಹೆಸರು 'ಬ್ರಾಹ್ಮಿನಿ ಕೈಟ್'. ಇನ್ನೊಂದು ಮಣ್ಣುಬಣ್ಣದ್ದು, ಕವಲುಬಾಲದ್ದು, ತಿಪ್ಪೆಯ ಮೇಲೆ, ಕಸಾಯಿಖಾನೆಯ ಮೇಲೆ, ಬಸ್‌ಸ್ಟ್ಯಾಂಡಿನ ಮೇಲೆ ಸುತ್ತುವುದು. ಮರದಲ್ಲಿ ನೇತಾಡಿದ್ದು ಇದು. ಇದರ ಹೆಸರು ಸಲೀಂ ಅಲಿಯವರ ಹಕ್ಕಿ ಪುಸ್ತಕದಲ್ಲೂ ಇದ್ದದ್ದು 'ಪರಯ ಕೈಟ್'. ಹೌದು, ಅದೇ ಪರಯ. ಕೋಲಾರದ ಚಿನ್ನದ ಗಣಿಯ ಪಾತಾಳಕ್ಕೆ ಇಳಿದ ತಮಿಳು ದಲಿತರ ಜಾತಿಯ ಹೆಸರು. ಅದು ಇಂಗ್ಲಿಷಿಗೆ ಹೋಗಿ 'ಬಹಿಷ್ಕೃತ' ಎಂಬ ಅರ್ಥದ ಮಾತಾಗಿ, ಹದ್ದಿಗೂ ಬೀದಿನಾಯಿಗೂ ಅಂಟಿಕೊಂಡು, ವಿಜ್ಞಾನದ ಪುಸ್ತಕದೊಳಗೆ ಕೂತಿತು. ಈಗಿನವರು 'ಬ್ಲಾಕ್ ಕೈಟ್' ಎನ್ನುತ್ತಾರೆ. ಬ್ರಾಹ್ಮಿನಿ ಕೈಟ್ ಮಾತ್ರ ಬ್ರಾಹ್ಮಿನಿ ಕೈಟ್ ಆಗಿಯೇ ಇದೆ. ಮೊಟ್ಟೆಯೊಡೆದು ಬರುವಾಗ ಎರಡೂ ಮರಿಗಳ ಹಣೆಯಲ್ಲಿ ಏನೂ ಬರೆದಿರುವುದಿಲ್ಲ. ಗರುಡವೂ ಸತ್ತ ಮೀನು, ಕೊಳೆತ ಏಡಿ ತಿಂದೇ ಬದುಕುವುದು ಎಂಬುದು ಕೆನ್ನೆ ಬಡಿದುಕೊಳ್ಳುವವರಿಗೆ ಗೊತ್ತಿಲ್ಲದ ಗುಟ್ಟು.

ಕಾಯಿದೆಯೂ ಹಾಗೇ. ವನ್ಯಜೀವಿ ಕಾಯಿದೆಯಲ್ಲಿ ಪ್ರಾಣಿಗಳನ್ನು 'ಷೆಡ್ಯೂಲ್' ಮಾಡಿ ಇಟ್ಟಿದ್ದಾರೆ. ನಮ್ಮನ್ನೂ ಷೆಡ್ಯೂಲ್ ಮಾಡಿ ಇಟ್ಟಿದ್ದಾರೆ, ಆ ಮಾತಿನ ನೆಂಟಸ್ತಿಕೆ ನಮಗೆ ಕೂಡಲೇ ಗುರುತು ಸಿಕ್ಕಿತು. ನಮ್ಮ ಷೆಡ್ಯೂಲು ನಾವು ಹೋರಾಡಿ ಪಡೆದ ಹಕ್ಕು, ಅದು ಬೇರೆ ಮಾತು. ಆ ಕಾಯಿದೆಯ ಐದನೇ ಷೆಡ್ಯೂಲು 'ಪೀಡೆ'ಗಳ ಪಟ್ಟಿ. ಅದರಲ್ಲಿ ಇಲಿ, ಹಣ್ಣು ತಿನ್ನುವ ಬಾವಲಿಗಳ ಜೊತೆ ಊರಕಾಗೆಯೂ ಇತ್ತು. ಕಾಗೆಯನ್ನು ಕೊಂದರೆ ಕೇಳುವವರಿರಲಿಲ್ಲ. ಮನೆಯಲ್ಲಿ ಯಾರಾದರೂ ಸತ್ತರೆ ಹನ್ನೊಂದನೇ ದಿನ ಅದೇ ಕಾಗೆಗೆ ಪಿಂಡ ಇಟ್ಟು ಬಾ ಬಾ ಎಂದು ಕೂಗಬೇಕು. ಬೇಕಾದಾಗ ಪಿತೃ, ಬೇಡವಾದಾಗ ಪೀಡೆ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಐವತ್ತು ವರ್ಷ ಆದಮೇಲೆ.

ಕೊಳೆತದ್ದನ್ನು ತಿಂದು ಊರನ್ನು ಚೊಕ್ಕಟ ಇಡುವವರ ಬೆಲೆ ಅವರು ಇಲ್ಲವಾದ ಮೇಲೇ ತಿಳಿಯುವುದು. ರಣಹದ್ದಿನ ಕಥೆ ಎಲ್ಲರಿಗೂ ಗೊತ್ತಿರಬೇಕಾದದ್ದು. ತೊಂಬತ್ತರ ದಶಕದಲ್ಲಿ ಕೋಟಿಗಟ್ಟಲೆ ರಣಹದ್ದುಗಳು ಇದ್ದಕ್ಕಿದ್ದಂತೆ ಸತ್ತುಹೋದವು. ಕಾರಣ ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧಿ. ಅದನ್ನು ತಿಂದು ಸತ್ತ ದನದ ಮಾಂಸ ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತದೆ ಎಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದಿಗಾಗಿಯೇ ಒಂದು ಧಾಮ ಮಾಡಿದರು. ಅಷ್ಟರಲ್ಲಿ ಹೋದದ್ದು ಹೋಗಿತ್ತು. ರಣಹದ್ದು ಹೋದ ಮೇಲೆ ಹೆಣಗಳು ಕೊಳೆತು, ನೀರು ಕೆಟ್ಟು, ನಾಯಿ ಹೆಚ್ಚಿ, 2000ದಿಂದ 2005ರೊಳಗೆ ಈ ದೇಶದಲ್ಲಿ ಸುಮಾರು ಐದು ಲಕ್ಷ ಮನುಷ್ಯರು ಹೆಚ್ಚುವರಿಯಾಗಿ ಸತ್ತಿರಬಹುದು ಎಂದು 2024ರಲ್ಲಿ ಅರ್ಥಶಾಸ್ತ್ರಜ್ಞರಿಬ್ಬರು ಲೆಕ್ಕ ಹಾಕಿದರು. ಇದನ್ನು ತಾತನಿಗೆ ಓದಿ ಹೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ನಾವೂ ಅವೂ ಒಂದೇ ಹೆಣದ ಮುಂದೆ ಕುಂತಿದ್ದೋರು. ನಾವು ಚರ್ಮ ಬಿಡ್ಸೋ ತಂಕ ಅವು ಕಾಯ್ತಾ ಇದ್ವು, ಮರ್ಯಾದೆಯಾಗಿ." ಅದರಲ್ಲಿ ಹೆಮ್ಮೆ ಇತ್ತೋ ನಾಚಿಕೆ ಇತ್ತೋ ನಮಗೆ ತಿಳಿಯಲಿಲ್ಲ.

ಇಷ್ಟನ್ನು ನಮ್ಮ ಗೆಳೆಯರ ಕೂಟದಲ್ಲಿ ಹೇಳಿದಾಗ ಒಬ್ಬ ಗೆಳೆಯ ಎದ್ದು ನಿಂತು ಬೈದ. ಅವನು ಕೆಜಿಎಫ್‌ನವನು. ಚಾಂಪಿಯನ್ ರೀಫ್ಸಿನ ಲೈನು ಮನೆಯಲ್ಲಿ ಹುಟ್ಟಿದವನು. ಅವನ ಬೈಗುಳದ ಸಾರ ಇದು: ಮನುಷ್ಯರು ಗುಂಡಿಯಲ್ಲಿ ಸಾಯ್ತಾ ಅವ್ರೆ, ನೀವು ಹದ್ದಿಗೆ ಬ್ಯಾಂಡೇಜ್ ಕಟ್ತೀರಾ? ಇದು ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಖಾಯಿಲೆ, ನಿಮಗೂ ರೈಲಲ್ಲಿ ಹತ್ತಿಕೊಂಡು ಬಂದೈತೆ.

ಅವನಿಗೆ ಹೀಗೆ ಮಾತಾಡುವ ಹಕ್ಕಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಬೀಗ ಬೀಳುವ ತನಕ ಆ ನೆಲದಿಂದ ಎಂಟುನೂರು ಟನ್ನಿನಷ್ಟು ಚಿನ್ನ ತೆಗೆದರು. ಮೂರು ಕಿಲೋಮೀಟರು ಆಳಕ್ಕೆ ಇಳಿದರು. ಚಿನ್ನ ಹೋದ ಕಡೆ ಹೋಯಿತು. ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು, ಕಲ್ಲಿನ ಧೂಳು ಕೂತ ಶ್ವಾಸಕೋಶಗಳು, ಬೆಳಗಿನ ಜಾವದ ರೈಲು. ಇಡೀ ಏಷ್ಯಾದಲ್ಲೇ ಮೊದಮೊದಲು ಕರೆಂಟು ಕಂಡ ಊರುಗಳಲ್ಲಿ ಒಂದಾದ ಅಲ್ಲಿ, ಅದೇ ಗಣಿಕಾಲೋನಿಗಳ ಕಕ್ಕಸನ್ನು ಕೈಯಿಂದ ಬಾಚಿ ತಲೆಯ ಮೇಲೆ ಹೊರುತ್ತಿದ್ದರು. ಬೆಜವಾಡ ವಿಲ್ಸನ್ ಅಂಥ ಒಂದು ಮನೆಯಲ್ಲಿ, ಕೆಜಿಎಫ್‌ನಲ್ಲೇ, 1966ರಲ್ಲಿ ಹುಟ್ಟಿದವರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ದೇಶವನ್ನೆಲ್ಲ ಸುತ್ತಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರಿಸುವುದು ತಪ್ಪು ಎಂದು 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಬೆಲೆ ಏರುತ್ತಿದೆ. ಇಳಿಯುವವರ ಜಾತಿ ಅದೇ ಇದೆ.

ಆ ಗೆಳೆಯ ಅವತ್ತು ಇನ್ನೊಂದು ವಿಷಯ ಹೇಳಿದ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿಯನ್ನು ಪತ್ತೆ ಮಾಡಲು ಕೆನರಿ ಎಂಬ ಸಣ್ಣ ಹಳದಿ ಹಕ್ಕಿಯನ್ನು ಪಂಜರದಲ್ಲಿ ಕೆಳಕ್ಕೆ ಒಯ್ಯುತ್ತಿದ್ದರಂತೆ. ಮನುಷ್ಯನಿಗಿಂತ ಮೊದಲು ಹಕ್ಕಿ ಮೂರ್ಛೆ ಹೋಗುತ್ತದೆ, ಗಣಿಯವರು ಮೇಲಕ್ಕೆ ಓಡುತ್ತಾರೆ. ಹಾಲ್ಡೇನ್ ಎಂಬ ವಿಜ್ಞಾನಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಸೂಚಿಸಿದ ಉಪಾಯ, 1986ರ ತನಕ ನಡೆಯಿತು. ಅದರಲ್ಲಿ ಒಂದು ಬಗೆಯ ಪಂಜರದ ಮೇಲೆ ಪುಟ್ಟ ಆಕ್ಸಿಜನ್ ಸಿಲಿಂಡರು ಇತ್ತು. ಹಕ್ಕಿ ಬಿದ್ದ ಕೂಡಲೇ ಪಂಜರದ ಬಾಗಿಲು ಮುಚ್ಚಿ ಸಿಲಿಂಡರು ತಿರುಗಿಸಿದರೆ ಹಕ್ಕಿ ಎದ್ದು ಕೂರುತ್ತಿತ್ತು. "ನಮ್ಮ ಮ್ಯಾನ್‌ಹೋಲಿಗೆ ಹಕ್ಕಿ ಯಾಕಿಲ್ಲ ಗೊತ್ತಾ? ಹಕ್ಕಿ ಕೆಲಸ ಮಾಡಾಕೆ ನಾವಿದೀವಿ. ಸಿಲಿಂಡರು ಮಾತ್ರ ಇಲ್ಲ" ಎಂದ. ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವನು ಹೇಳಿದ್ದೆಲ್ಲ ನಿಜ. ಆದರೂ ಅವನ ತೀರ್ಮಾನಕ್ಕೆ ನಾವು ಒಪ್ಪಿಲ್ಲ.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದರು. ದನ ಕುಡಿಯುತ್ತಿದ್ದ, ನಾಯಿ ಕುಡಿಯುತ್ತಿದ್ದ ನೀರು ಅದು. ಮನುಷ್ಯರಲ್ಲಿ ನಾವು ಮಾತ್ರ ಕುಡಿಯುವಂತಿರಲಿಲ್ಲ. ಆಗ ನಮ್ಮ ಜನ ನಾಯಿಯನ್ನೂ ಓಡಿಸಿ ಎಂದು ಕೇಳಲಿಲ್ಲ. ನಾವೂ ಕುಡಿಯುತ್ತೇವೆ ಎಂದರು. ಪ್ರಾಣಿಗೆ ಕೊಟ್ಟ ಕರುಣೆ ನಮ್ಮ ಪಾಲಿನಿಂದ ಕಿತ್ತುಕೊಟ್ಟದ್ದು ಎಂದು ನಂಬಿದರೆ, ನಮ್ಮ ಎದುರಾಳಿ ಯಾರು ಎಂಬುದೇ ತಪ್ಪಿಹೋಗುತ್ತದೆ. ಹದ್ದಿಗೆ ಒಂದು ಹಿಡಿ ಈಲಿ ಹಾಕಿದ್ದರಿಂದ ಯಾವ ಗುಂಡಿಯಲ್ಲೂ ಸಿಲಿಂಡರು ಕಡಿಮೆಯಾಗಿಲ್ಲ. ಸಿಲಿಂಡರಿನ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳಬೇಕಾದ ಜಾಗ ಬೇರೆ ಇದೆ, ಅಲ್ಲಿಗೆ ಆ ಗೆಳೆಯನ ಜೊತೆ ನಾವೂ ಹೋಗಿ ಕೂತಿದ್ದೇವೆ, ಮುಂದೆಯೂ ಕೂರುತ್ತೇವೆ.

ಹಾಗಂತ ಹಕ್ಕಿಯ ಮೇಲಿನ ಎಲ್ಲ ಕರುಣೆಯನ್ನೂ ನಾವು ಒಪ್ಪಬೇಕಾಗಿಲ್ಲ. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟು ಗುಬ್ಬಚ್ಚಿಗೆ ಮಣ್ಣಿನ ಬೋಗುಣಿಯಲ್ಲಿ ನೀರಿಡುವವರನ್ನು ಬೆಂಗಳೂರಿನಲ್ಲಿ ನಾವು ಬಲ್ಲೆವು. ಹಕ್ಕಿಯ ಮೇಲೆ ಕರುಣೆ ಸುಲಭ. ಹಕ್ಕಿ ಕೂಲಿ ಕೇಳುವುದಿಲ್ಲ, ಬಾವಿ ಕೇಳುವುದಿಲ್ಲ, ಹೆಣ್ಣು ಕೇಳುವುದಿಲ್ಲ. ಕಾಮಸಮುದ್ರದ ಕಡೆಯಿಂದ ಆನೆ ಬಂದು ರಾಗಿ ಹೊಲ ತುಳಿದಾಗ, ರಾತ್ರಿಯೆಲ್ಲ ಪಟಾಕಿ ಹಿಡಿದು ಕಾಯುವವನ ಕಷ್ಟ ಆನೆಯ ಫೋಟೋ ನೋಡಿ ಕಣ್ಣೀರಿಡುವವರಿಗೆ ಕಾಣುವುದಿಲ್ಲ. ಹಕ್ಕಿಪಿಕ್ಕಿಗಳ ಮಾತು ಇನ್ನೂ ಕಷ್ಟದ್ದು. ಯಾವ ಹಕ್ಕಿ ಎಲ್ಲಿ ಕೂರುತ್ತದೆ, ಯಾವುದಕ್ಕೆ ಎಲ್ಲಿ ಮುಟ್ಟಿದರೆ ನೋವು ಎಂದು ತಲೆಮಾರುಗಳಿಂದ ಬಲ್ಲ ಜನ. 1972ರ ಕಾಯಿದೆ ಬಂದಾಗ ಅವರ ಕಸುಬು ಒಂದೇ ಏಟಿಗೆ ಅಪರಾಧವಾಯಿತು. ಅವರ ಕೈಯಲ್ಲಿದ್ದ ವಿದ್ಯೆಯನ್ನು ಹಕ್ಕಿ ಉಳಿಸಲು ಬಳಸೋಣ ಎಂದು ಹೊಳೆಯಲಿಲ್ಲ ಸರ್ಕಾರಕ್ಕೆ. ಅವರು ತೈಲ ಮಾರಿಕೊಂಡು ಆಫ್ರಿಕಾದ ತನಕ ಹೋದರು, 2023ರ ಏಪ್ರಿಲ್‌ನಲ್ಲಿ ಸೂಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದಾಗ ಮಾತ್ರ ಪೇಪರಿನಲ್ಲಿ ಕಂಡರು. ಹಕ್ಕಿಯನ್ನು ಉಳಿಸುವ ಭರದಲ್ಲಿ ಹಕ್ಕಿ ಬಲ್ಲವನನ್ನು ದಾಟಿಹೋದ ಕರುಣೆ ಅದು.

ಇನ್ನು ತಾತನ ಪ್ರಶ್ನೆ. ಎತ್ತಿದ್ದು ಕರುಣೆಯೋ, ಚಾಕರಿಯೋ?

ಸಿದ್ಧಾರ್ಥನ ಕಥೆ ನಮ್ಮವರಿಗೆಲ್ಲ ಗೊತ್ತು. ದೇವದತ್ತ ಬಾಣ ಬಿಟ್ಟ, ಹಕ್ಕಿ ಬಿತ್ತು, ಸಿದ್ಧಾರ್ಥ ಎತ್ತಿಕೊಂಡು ಆರೈಕೆ ಮಾಡಿದ. ಹಕ್ಕಿ ನನ್ನದು ಎಂದು ದೇವದತ್ತ ಬಂದ. ಕೊಲ್ಲಲು ಹೋದವನದಲ್ಲ, ಕಾಪಾಡಿದವನದು ಎಂದು ತೀರ್ಪಾಯಿತು. ಬಾಬಾಸಾಹೇಬರು ತಮ್ಮ ಕೊನೆಯ ಪುಸ್ತಕ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ, 1957ರಲ್ಲಿ ಅವರಿಲ್ಲದ ಮೇಲೆ ಅಚ್ಚಾದದ್ದು, ಈ ಪ್ರಸಂಗವನ್ನು ಬಿಡದೆ ಸೇರಿಸಿದ್ದಾರೆ. ನಾವು ಅದನ್ನು ಓದುವಾಗಲೆಲ್ಲ ನಮಗೆ ಒಂದು ಅನುಮಾನ. ಸಿದ್ಧಾರ್ಥ ರಾಜನ ಮಗ. ರಕ್ತ ಮೆತ್ತಿದ ಹಕ್ಕಿಯನ್ನು ಅವನು ಎತ್ತಿದರೆ ಅದು ದಯೆ ಎಂದು ಎಲ್ಲರಿಗೂ ಕಂಡಿತು. ಅದೇ ಹಕ್ಕಿಯನ್ನು ಕಪಿಲವಸ್ತುವಿನ ಹೊರಗಿನ ಕೇರಿಯ ಹುಡುಗ ಎತ್ತಿದ್ದರೆ? ದೇವದತ್ತ ಪಂಚಾಯ್ತಿ ಕರೆಯುತ್ತಿದ್ದನೇ? ಹಕ್ಕಿ ಕೊಡೋ ಎಂದು ಕಿತ್ತುಕೊಂಡು ಹೋಗುತ್ತಿದ್ದ. ಇಲ್ಲವೇ ಅವನು ಮುಟ್ಟಿದ್ದು ತನಗೆ ಬೇಡ ಎನ್ನುತ್ತಿದ್ದ. ಕಾಪಾಡಿದವನಿಗೆ ಹಕ್ಕು ಎಂಬ ನ್ಯಾಯ ನಡೆಯಬೇಕಾದರೆ, ಕಾಪಾಡಿದವನು ಕಾಪಾಡದೆಯೂ ಇರಬಹುದಿತ್ತು ಎಂಬುದನ್ನು ಮೊದಲು ಒಪ್ಪಬೇಕು. ಬೇಡ ಎನ್ನಲು ಬಿಡದ ಊರಲ್ಲಿ ಹೂಂ ಎಂದದ್ದಕ್ಕೆ ದಯೆ ಎಂಬ ಹೆಸರು ಹೇಗೆ ಬರುತ್ತದೆ?

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಬಿಡಿಸಿದ್ದಕ್ಕೆ ನಮ್ಮ ಹುಡುಗರನ್ನು ಕಟ್ಟಿಹಾಕಿ ಹೊಡೆದರು. ಆಮೇಲೆ ಅಲ್ಲಿನ ದಲಿತರು ಹೆಣ ಎತ್ತುವುದನ್ನೇ ನಿಲ್ಲಿಸಿದರು, ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದರು. ನೀವು ತಾಯಿ ಎನ್ನುವುದನ್ನು ನೀವೇ ಮಣ್ಣು ಮಾಡಿ ಎಂಬುದು ಅದರ ಅರ್ಥ. ಆ ನಿಲ್ಲಿಸಿದ ಕೈ ಇದೆಯಲ್ಲ, ಅದು ಬಹಳ ದೊಡ್ಡದು. ನಮ್ಮ ತಾತ ಎಂಬತ್ತರ ದಶಕದಲ್ಲಿ ನಿಲ್ಲಿಸಿದ ಕೈಯೂ ಅದೇ. ನಾವು ಮರ ಹತ್ತಲು ಆದದ್ದು ಅವರು ಅವತ್ತು ನಿಲ್ಲಿಸಿದ್ದರಿಂದ. ಅವರು ನಿಲ್ಲಿಸದೇ ಇದ್ದಿದ್ದರೆ ನಾವು ಎತ್ತಿದ ಹದ್ದು ಅವರು ಎತ್ತಿದ ದನದ ಸಾಲಿಗೇ ಸೇರುತ್ತಿತ್ತು. ಇಷ್ಟು ನಮಗೆ ಈಗ ಗೊತ್ತಾಗಿದೆ. ಮರ ಹತ್ತುವಾಗ ಗೊತ್ತಿರಲಿಲ್ಲ. ಆಗ ನಮಗೆ ಕಂಡದ್ದು ತಲೆಕೆಳಗಾಗಿ ನೇತಾಡುವ ಒಂದು ಜೀವ, ಅದರ ಹಳದಿ ಕಣ್ಣಂಚು, ಅಷ್ಟೇ. ಯೋಚನೆ ಆಮೇಲೆ ಬಂತು. ಬಹುಶಃ ಯೋಚನೆ ಮೊದಲು ಬಂದಿದ್ದರೆ ಹತ್ತುತ್ತಿರಲಿಲ್ಲ, ಆ ಅನುಮಾನವೂ ನಮಗಿದೆ.

ತಾತನಿಗೆ ಇಷ್ಟನ್ನು ಹೇಳಿದೆವು. ಅವರು ಪೂರಾ ಒಪ್ಪಲಿಲ್ಲ. "ನಿಮ್ಗೆ ನೀವೇ ಎತ್ತಿದ್ರಿ ಅನ್ಸೈತೆ. ಅವ್ರಿಗೆ ಅವ್ರೇ ಎತ್ತಿಸಿದ್ವಿ ಅನ್ಸೈತೆ. ನಾಳೆ ಮತ್ತೆ ಹೇಳಿ ಕಳಿಸ್ತಾರೆ ನೋಡು."

ಸೋಮವಾರ ಬೆಳಗಿನ ಜಾವ ಹದ್ದಿನ ಡಬ್ಬವನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆವು. ಕಾಲಿಡಲು ಜಾಗವಿಲ್ಲದ ಗಾಡಿ. ಕೆಜಿಎಫ್ ಕಡೆಯ ಗಾರ್ಮೆಂಟ್ಸ್ ಹೆಂಗಸರು ಏನಪ್ಪ ಅದು ಎಂದು ತಮಿಳಿನಲ್ಲಿ ಕೇಳಿದರು, ಹೇಳಿದೆವು. ಡಬ್ಬಕ್ಕೆ ಒತ್ತಡ ಬೀಳದ ಹಾಗೆ ಸರಿದು ಸರಿದು ಒಂದು ಗೇಣು ಜಾಗ ಬಿಟ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನರ ಕಡಿದಿತ್ತು. ಒಂಬತ್ತನೇ ದಿನ ಸ್ನಾನ ಮಾಡಿ ಹೊರಡುವಾಗ ಫೋನು ಬಂತು, ಸತ್ತಿದೆ ಎಂದು. ಅರ್ಧ ದಿನದ ಕೂಲಿ ಹೋಗಿತ್ತು, ಹದ್ದೂ ಹೋಯಿತು. ಹಾಲು ಕಳಿಸಿದ ಹಿರಿಯರಿಗೆ ತಿಳಿಸಿದೆವು. ಅವರು ನಿಜವಾಗಿಯೂ ಕಣ್ಣು ಒರೆಸಿಕೊಂಡರು.

ಕಾರ್ತಿಕದಲ್ಲಿ ತಾತ ಹೇಳಿದ ಹಾಗೇ ಆಯಿತು. ಈ ಸಲ ಹುಡುಗ ಬರಲಿಲ್ಲ, ಫೋನು ಬಂತು. ದೇವಸ್ಥಾನದ ಗೋಡೆಯ ಪಕ್ಕ ಗೂಬೆ ಬಿದ್ದಿದೆ, ಯಾರೋ ಕಲ್ಲು ಹೊಡೆದಿದ್ದಾರೆ, ಒಂದು ಕಣ್ಣು ಮುಚ್ಚಿದೆ, ನೀವು ಬನ್ನಿ ಎಂದು. ಫೋನು ಮಾಡಿದವನು ನಮ್ಮ ಜೊತೆಗೇ ಓದಿದವನು, ಈಗ ಊರಲ್ಲೇ ಅಂಗಡಿ ಇಟ್ಟಿದ್ದಾನೆ. ಅವತ್ತು ಮಂಗಳವಾರ, ನಾವು ಬೆಂಗಳೂರಿನಲ್ಲಿ ಕೆಲಸದ ಮೇಲೆ ಇದ್ದೆವು. ಬರೋಕಾಗಲ್ಲ ಕಣೋ, ನೀವೇ ಮಾಡಿ, ಕಷ್ಟವಿಲ್ಲ ಎಂದು ಒಂದೊಂದಾಗಿ ಹೇಳಿದೆವು. ದಪ್ಪನೆಯ ಟವಲ್ ತಗೋ. ಹಿಂದಿನಿಂದ ಹೋಗಿ ಮೇಲೆ ಮುಚ್ಚು. ಕಣ್ಣು ಮುಚ್ಚಿದರೆ ಕಚ್ಚಲ್ಲ. ಎರಡೂ ಕೈ ಹಾಕಿ ರೆಕ್ಕೆ ಸೇರಿಸಿ ಎತ್ತು. ಡಬ್ಬಕ್ಕೆ ಹಾಕು. ಆಯ್ತು ಆಯ್ತು ಎಂದ.

ರಾತ್ರಿ ಒಂಬತ್ತಕ್ಕೆ ನಾವು ಊರಿಗೆ ಬಂದು ದೇವಸ್ಥಾನದ ಹತ್ತಿರ ಹೋಗಿ ಟಾರ್ಚು ಬಿಟ್ಟೆವು. ಗೂಬೆ ಬಿದ್ದಲ್ಲೇ ಇತ್ತು. ಮೇಲೆ ಟವಲ್ ಮುಚ್ಚಿತ್ತು. ಸುತ್ತ ನಾಯಿ ಬರದ ಹಾಗೆ ನಾಲ್ಕು ಕಲ್ಲು ಇಟ್ಟಿದ್ದರು. ಮಗ್ಗುಲಲ್ಲೇ ಖಾಲಿ ಡಬ್ಬ, ತೂತು ಸಹಿತ ಹಾಕಿ ಇಟ್ಟಿತ್ತು. ಟವಲ್ಲು ಹೊಸದು, ಒಳ್ಳೆಯದೇ.

ಎತ್ತಿ ಡಬ್ಬಕ್ಕೆ ಹಾಕಿಕೊಂಡು ಬಂದೆವು. ಟವಲ್ಲನ್ನು ಮಾರನೇ ದಿನ ಒಗೆದು ಅಂಗಡಿಗೆ ಒಯ್ದು ಕೊಟ್ಟಾಗ, "ಅಯ್ಯೋ ನೀವೇ ಇಟ್ಕೊಳ್ರೋ, ಅದನ್ನ ತಗೊಂಡು ನಾನೇನ್ ಮಾಡ್ಲಿ" ಎಂದ.